ನಿಧಾನಗತಿಯ ಓಟಗಾರನ ಮೊದಲ ವರ್ಷ

ಮುಂಬಯಿಯ ಉಪನಗರವಾಸಿಗೆ ಓಟವೆಂಬುದು ಹೊಸ ವಿದ್ಯೆಯೇನೂ ಅಲ್ಲ. ಬೆಳಗಿನ ಎಂಟು ಗಂಟೆಗೆ ಡೊಂಬಿವಲಿ ನಿಲ್ದಾಣದ ಸೇತುವೆಯ ಮೇಲೆ ನಿಂತು ನೋಡಿದರೆ, ಬಗಲಿನ ಚೀಲದಲ್ಲಿ ಊಟದ ಡಬ್ಬಿಯನ್ನಿಟ್ಟುಕೊಂಡು ಫಾಸ್ಟ್ ಲೋಕಲಿಗಾಗಿ ಧಾವಿಸುವ ಸಹಸ್ರಾರು ಜನ ಕಾಣಸಿಗುತ್ತಾರೆ. ಆದರೆ ಆ ಓಟ ಹೆಚ್ಚೆಂದರೆ ನೂರು ಹೆಜ್ಜೆಗಳದು. ಬಾಗಿಲಿನ ಕಂಬಿ ಕೈಗೆ ಸಿಕ್ಕಿದೊಡನೆ ಮುಗಿಯಿತು. ಆಮೇಲೆ ಒಂದೂಕಾಲು ಗಂಟೆ ನಿಂತು ಪ್ರಯಾಣ, ಎಂಟು ಗಂಟೆ ಕುಳಿತು ಕೆಲಸ, ರಾತ್ರಿ ಒಂಬತ್ತೂವರೆಗೆ ಊಟ. ಈ ದಿನಚರಿಯಲ್ಲಿ ಇಪ್ಪತ್ತೈದು ವರ್ಷ ಸವೆಸಿದ ಡೊಂಬಿವಲಿಯ ಕನ್ನಡಿಗ ಗೃಹಸ್ಥರೊಬ್ಬರು ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ, ಯಾವ ರೈಲನ್ನೂ ಹಿಡಿಯುವ ಉದ್ದೇಶವಿಲ್ಲದೆ ಓಡತೊಡಗಿದರು.

ಕಾರಣ ಸರಳವಾದುದು. ಅವರ ತಂದೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು. ಆ ಅಂಕೆ ಮಗನ ಕಣ್ಣೆದುರಿಗೆ ಬಂದು ನಿಂತಿತ್ತು. ರಕ್ತದೊತ್ತಡಕ್ಕೆ ಆಗಲೇ ಮಾತ್ರೆ ನುಂಗುತ್ತಿದ್ದರು. ಸಕ್ಕರೆಯ ಪ್ರಮಾಣ ಗಡಿರೇಖೆಯನ್ನು ಮುಟ್ಟಿತ್ತು. "ರೀ, ಓಡುವುದೇನೋ ಸರಿ, ದಾರಿಯಲ್ಲಿ ಏನಾದರೂ ಆದರೆ?" ಎಂದು ಪತ್ನಿ ಕೇಳಿದ ಪ್ರಶ್ನೆ ಅಜ್ಞಾನದ್ದಾಗಿರಲಿಲ್ಲ. ಅಮೆರಿಕದಲ್ಲಿ ಓಟದ ಹುಚ್ಚನ್ನು ಮನೆಮನೆಗೆ ಹಬ್ಬಿಸಿದ ಲೇಖಕ ಜಿಮ್ ಫಿಕ್ಸ್, 1984ರ ಜುಲೈ ತಿಂಗಳಲ್ಲಿ ಓಡುತ್ತಿದ್ದಾಗಲೇ ಕುಸಿದು ಮೃತನಾದ. ಆಗ ಅವನ ವಯಸ್ಸು ಐವತ್ತೆರಡು. ಶವಪರೀಕ್ಷೆಯಲ್ಲಿ ಹೃದಯದ ರಕ್ತನಾಳಗಳು ಮೊದಲೇ ಕಟ್ಟಿಕೊಂಡಿದ್ದುದು ಕಂಡುಬಂತು. ಅವನ ತಂದೆಯೂ ನಲವತ್ತಮೂರರಲ್ಲಿ ಹೃದ್ರೋಗದಿಂದಲೇ ಸತ್ತಿದ್ದ. ಓಟ ಅವನನ್ನು ಕೊಂದಿತು ಎನ್ನುವುದಕ್ಕಿಂತ, ಓಡುತ್ತಿದ್ದೇನೆಂಬ ಭರವಸೆಯಲ್ಲಿ ಅವನು ವೈದ್ಯರ ಬಾಗಿಲನ್ನು ತಟ್ಟಲಿಲ್ಲ ಎನ್ನುವುದೇ ನ್ಯಾಯ. ನಮ್ಮ ಗೃಹಸ್ಥರು ಮೊದಲು ಇ.ಸಿ.ಜಿ., ಬಳಿಕ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡರು. ವೈದ್ಯರು ಒಪ್ಪಿಗೆ ಕೊಟ್ಟರು. ಮಾತ್ರೆ ನಿಲ್ಲಿಸಕೂಡದೆಂದು ತಾಕೀತನ್ನೂ ಮಾಡಿದರು.

ಫೆಬ್ರವರಿಯ ಒಂದು ಮುಂಜಾನೆ, ಸಾವಳಾರಾಮ ಮಹಾರಾಜ ಕ್ರೀಡಾ ಸಂಕುಲದ ಬಳಿ ಮೊದಲ ಪಾಠ ನಡೆಯಿತು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಇಪ್ಪತ್ತು ನಿಮಿಷ. ನಾಲ್ಕನೆಯ ಆವೃತ್ತಿಗೇ ಉಸಿರು ಗಂಟಲಿಗೆ ಬಂತು. ಅಷ್ಟರಲ್ಲಿ ಶಾಲೆಯ ಹುಡುಗರು "ಚಲಾ ಕಾಕಾ, ಚಲಾ!" ಎಂದು ಕೂಗುತ್ತ ಎರಡು ಬಾರಿ ದಾಟಿಹೋದರು. ವೇಗವನ್ನು ಅಳೆಯಲು ಅವರಿಗೆ ಸಿಕ್ಕಿದ ಉಪಕರಣ ಒಂದೇ, ಮಾತು. ಓಡುತ್ತ ಪಕ್ಕದವರೊಡನೆ ಒಂದು ಪೂರ್ಣವಾಕ್ಯವನ್ನು ಆಡಲು ಸಾಧ್ಯವಾದರೆ ವೇಗ ಸರಿ. ಎರಡು ಶಬ್ದಕ್ಕೆ ಏದುಸಿರು ಬಂದರೆ ಹೆಚ್ಚಾಯಿತು. ಜೊತೆಗಾರರಿಲ್ಲದವರು ಸಹಸ್ರನಾಮದ ಒಂದೆರಡು ಸಾಲು ಹೇಳಿಕೊಂಡರೂ ನಡೆದೀತು.

ಏಪ್ರಿಲ್‌ನಲ್ಲಿ ಎಡವಟ್ಟಾಯಿತು. ದೇಹ ಹಗುರವಾಗಿದೆ, ಉಸಿರು ಹತೋಟಿಗೆ ಬಂದಿದೆ ಎಂಬ ಹುಮ್ಮಸ್ಸಿನಲ್ಲಿ ಅವರು ಒಂದೇ ವಾರದಲ್ಲಿ ದೂರವನ್ನು ಇಮ್ಮಡಿಸಿದರು. ಹುಡುಗರ ಮುಂದೆ ಮಾನ ಉಳಿಸಿಕೊಳ್ಳುವ ಆಸೆಯೂ ಇತ್ತೆನ್ನಬೇಕು. ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯ ಉದ್ದಕ್ಕೂ ನೋವು ಕಾಣಿಸಿಕೊಂಡು ನಿಲ್ದಾಣದ ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. ಹೊಸ ಓಟಗಾರರಲ್ಲಿ ಬಹುಮಂದಿ ಓಟವನ್ನು ಬಿಡುವುದು ಈ ಘಟ್ಟದಲ್ಲಿಯೇ. ಇದರ ಹಿಂದಿನ ಶರೀರಧರ್ಮ ತಿಳಿದಿರಬೇಕಾದುದು: ಹೃದಯ ಮತ್ತು ಸ್ನಾಯುಗಳು ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಹೊಂದಿಕೊಳ್ಳುತ್ತವೆ, ಸ್ನಾಯುಬಂಧಗಳು ಮತ್ತು ಮೂಳೆಗಳು ಹೊಂದಿಕೊಳ್ಳಲು ತಿಂಗಳುಗಳು ಬೇಕು. ಉಸಿರು ಹೂಂ ಎಂದಾಗ ಮೂಳೆ ಇನ್ನೂ ಊಹೂಂ ಎನ್ನುತ್ತಿರುತ್ತದೆ. ಮೂರು ವಾರ ಅವರು ಓಡಲಿಲ್ಲ. ಸವೆದ ಹಳೆಯ ಕ್ಯಾನ್ವಾಸ್ ಬೂಟು ಹೋಗಿ ಓಟಕ್ಕೆಂದೇ ಮಾಡಿದ ಬೂಟು ಬಂತು. ಮತ್ತೆ ಒಂದು ನಿಮಿಷ, ಎರಡು ನಿಮಿಷದ ಮೊದಲ ಪಾಠ.

ಇಷ್ಟು ನಿಧಾನವಾಗಿ ಓಡಿ ಏನು ಪ್ರಯೋಜನ ಎಂಬ ಪ್ರಶ್ನೆಯನ್ನು ರೈಲಿನ ಸಂಗಡಿಗರು ಎತ್ತದೆ ಇರಲಿಲ್ಲ. ಅದಕ್ಕೆ ಉತ್ತರ ಅಮೆರಿಕದ ಡಲ್ಲಾಸ್ ನಗರದ ಕೂಪರ್ ಸಂಸ್ಥೆಯ ದಾಖಲೆಗಳಲ್ಲಿದೆ. 1968ರಲ್ಲಿ 'ಏರೋಬಿಕ್ಸ್' ಎಂಬ ಗ್ರಂಥವನ್ನು ಬರೆದ ವೈದ್ಯ ಕೆನೆತ್ ಕೂಪರ್ ಸ್ಥಾಪಿಸಿದ ಸಂಸ್ಥೆಯದು. ಅಲ್ಲಿ ತಪಾಸಣೆಗೊಳಗಾದ 55,137 ಜನರ ಆರೋಗ್ಯವನ್ನು ಸರಾಸರಿ 15 ವರ್ಷ ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಓಡುವವರಲ್ಲಿ ಹೃದ್ರೋಗ ಹಾಗೂ ಪಾರ್ಶ್ವವಾಯುವಿನಂಥ ರೋಗಗಳಿಂದಾಗುವ ಮರಣದ ಸಂಭವ ಓಡದವರಿಗಿಂತ ಶೇಕಡಾ 45ರಷ್ಟು ಕಡಿಮೆ. ಗಂಟೆಗೆ 6 ಮೈಲಿಗಿಂತ ನಿಧಾನವಾಗಿ, ವಾರಕ್ಕೆ ಒಂದೆರಡು ಬಾರಿ ಮಾತ್ರ ಓಡಿದವರಿಗೂ ಗಣನೀಯ ಲಾಭ ದೊರೆತಿತ್ತು. ಓಡುವವರು ಇತರ ರೀತಿಗಳಲ್ಲಿಯೂ ಆರೋಗ್ಯವಂತರಾಗಿರಬಹುದಾದ್ದರಿಂದ ಲಾಭವೆಲ್ಲವೂ ಓಟದ್ದೇ ಎನ್ನುವಂತಿಲ್ಲ. ಆದರೂ ನಿಧಾನಗತಿಯವರು ನಾಚಬೇಕಾದ ಕಾರಣ ಆ ಅಂಕಿಅಂಶಗಳಲ್ಲಿ ಕಾಣುವುದಿಲ್ಲ.

ಮಳೆಯಲ್ಲಿ ಓಡುವುದು ಥಾಣೆಗೆ ಹಳೆಯ ರೂಢಿ. ಅಲ್ಲಿನ ಮಹಾನಗರಪಾಲಿಕೆಯ 'ವರ್ಷಾ ಮ್ಯಾರಥಾನ್' ಕೆಲವು ವರ್ಷಗಳ ಬಿಡುವಿನ ನಂತರ 2025ರ ಆಗಸ್ಟ್‌ನಲ್ಲಿ ಮತ್ತೆ ನಡೆಯಿತು. ಗೃಹಸ್ಥರ ಮೊದಲ ಸ್ಪರ್ಧೆ ಅದಕ್ಕಿಂತ ಚಿಕ್ಕದು. ಥಾಣೆಯಲ್ಲಿಯೇ, ಶ್ರಾವಣದ ಜಿಟಿಜಿಟಿ ಮಳೆಯಲ್ಲಿ, 10 ಕಿಲೋಮೀಟರು. ಆರಂಭದ ಗದ್ದಲದಲ್ಲಿ ತಾವೂ ವೇಗವಾಗಿ ಹೊರಟು ಎರಡನೆಯ ಕಿಲೋಮೀಟರಿಗೇ ದಣಿದರು. ಏಳನೆಯದಕ್ಕೆ ಬರುವಷ್ಟರಲ್ಲಿ ಹಿಂದೆ ಆಂಬ್ಯುಲೆನ್ಸ್ ಒಂದನ್ನುಳಿದು ಯಾರೂ ಇರಲಿಲ್ಲ. ಅದು ಅವರ ನಡೆಗೆ ಹೊಂದಿಕೊಂಡು ಮೆಲ್ಲಗೆ ಬರುತ್ತಿತ್ತು. ಚಾಲಕ ಕಿಟಕಿಯಿಂದ ತಲೆ ಹಾಕಿ, "ಬಸಾ ಕಾಕಾ, ಸೋಡತೊ" ಎಂದ. ಕುಳಿತುಕೊಳ್ಳಿ, ಬಿಡುತ್ತೇನೆ ಎಂದು. ತಂದೆಯನ್ನು ಆಸ್ಪತ್ರೆಗೆ ಒಯ್ದುದೂ ಇಂಥದೇ ಬಿಳಿಯ ಗಾಡಿಯಲ್ಲಿ. ಅವರು ಕೈಯಾಡಿಸಿ ಬೇಡವೆಂದರು. 1 ಗಂಟೆ 34 ನಿಮಿಷಕ್ಕೆ ಗುರಿ ಮುಟ್ಟಿದಾಗ ಸ್ವಯಂಸೇವಕರು ಬಾಳೆಹಣ್ಣಿನ ಬುಟ್ಟಿಗಳನ್ನು ಎತ್ತಿಡುತ್ತಿದ್ದರು. ಪದಕ ಮಾತ್ರ ಉಳಿದಿತ್ತು.

ಅಕ್ಟೋಬರಿನ ಸೆಕೆ ಕಳೆದ ಮೇಲೆ ಭಾನುವಾರಗಳಂದು ಥಾಣೆಯಲ್ಲಿ ರೈಲು ಬದಲಿಸಿ ನವಿ ಮುಂಬಯಿಗೆ ಹೋಗುವ ಅಭ್ಯಾಸವಾಯಿತು. ವಾಶಿಯಿಂದ ಬೇಲಾಪುರದ ಕಡೆಗೆ, ಖಾರಿಯ ಕಾಂಡ್ಲಾ ಕಾಡಿನ ಅಂಚಿನಲ್ಲಿ ಸಾಗುವ ಪಾಮ್ ಬೀಚ್ ರಸ್ತೆ ಸಮತಟ್ಟಾದುದು. ಹೊಸಬರಿಗೆ ಹೇಳಿ ಮಾಡಿಸಿದಂತಿದೆ. ಕರಾವಳಿಯ ಆರ್ದ್ರ ಹವೆಯಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಬೆವರು ಆರದೆ ಮೈ ತಂಪಾಗದು. ಆದುದರಿಂದ ಇಲ್ಲಿ ಸೂರ್ಯೋದಯಕ್ಕೆ ಮುನ್ನವೇ ಓಡಬೇಕು. ನೀರನ್ನು ಬಾಯಾರಿಕೆಗೆ ತಕ್ಕಷ್ಟು ಕುಡಿಯಬೇಕು. ದೀರ್ಘ ಓಟಗಳಲ್ಲಿ ಹೆದರಿ ಅತಿಯಾಗಿ ನೀರು ಕುಡಿದು, ರಕ್ತದ ಸೋಡಿಯಂ ಇಳಿದು ಅಪಾಯಕ್ಕೊಳಗಾಗುವವರಲ್ಲಿ ನಿಧಾನಗತಿಯವರೇ ಹೆಚ್ಚು, ಏಕೆಂದರೆ ಅವರಿಗೆ ಕುಡಿಯಲು ಸಮಯ ಧಾರಾಳ.

ಜನವರಿಯಲ್ಲಿ ಮುಂಬಯಿ ಮ್ಯಾರಥಾನ್. 2004ರಲ್ಲಿ ಆರಂಭವಾದ ಈ ಓಟ 2018ರಿಂದ ಟಾಟಾ ಹೆಸರಿನಲ್ಲಿ ನಡೆಯುತ್ತಿದೆ. ಆ ಹೆಸರಿಗೂ ಓಟಕ್ಕೂ ಇರುವ ನಂಟು ಅದಕ್ಕಿಂತ ಬಹಳ ಹಿಂದಿನದು. ಅದರಲ್ಲಿ ಬೆಳಗಾವಿಗೂ ಪಾಲುಂಟು. ಸರ್ ದೊರಾಬ್ಜಿ ಟಾಟಾ ಅವರ ಉತ್ಸಾಹದಿಂದ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋದ ಭಾರತದ ಪುಟ್ಟ ತಂಡದಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದರು. ಮ್ಯಾರಥಾನನ್ನು 2 ಗಂಟೆ 50 ನಿಮಿಷಗಳಲ್ಲಿ ಓಡಿ 19ನೆಯವರಾದರು. ಈ ಸಂಗತಿಯನ್ನು ಬಲ್ಲ ಕನ್ನಡಿಗರು ವಿರಳ.

ಅಂದು ಬೆಳಗಿನ ಜಾವ ಡೊಂಬಿವಲಿಯಿಂದ ಹೊರಟ ಲೋಕಲಿನಲ್ಲಿ ಎದೆಗೆ ಸಂಖ್ಯೆ ಚುಚ್ಚಿಕೊಂಡವರೇ ತುಂಬಿದ್ದರು. ಗೃಹಸ್ಥರು 10 ಕಿಲೋಮೀಟರಿನ ವಿಭಾಗದಲ್ಲಿ, ಮೊದಲ ಅರ್ಧವನ್ನು ಬೇಕೆಂದೇ ತಡೆದು ಓಡಿ, ಮರೀನ್ ಡ್ರೈವಿನ ಮೇಲೆ ಕೆಲವರನ್ನು ಹಿಂದೆ ಹಾಕಿದರು. ಅದು ಅವರಿಗೆ ಹೊಸ ಅನುಭವ. 1 ಗಂಟೆ 26 ನಿಮಿಷ. ಆಂಬ್ಯುಲೆನ್ಸ್ ಈ ಸಲ ಕಣ್ಣಿಗೆ ಬೀಳಲಿಲ್ಲ.

ವರ್ಷಾಂತ್ಯದ ತಪಾಸಣೆಯಲ್ಲಿ ತೂಕ ನಾಲ್ಕು ಕಿಲೋ ಇಳಿದಿತ್ತು, ಸಕ್ಕರೆ ಗಡಿಯಿಂದ ತುಸು ಈಚೆಗೆ ಸರಿದಿತ್ತು. ರಕ್ತದೊತ್ತಡದ ಮಾತ್ರೆ ಮುಂದುವರಿದಿದೆ. ಪತ್ನಿ ಈಗ ಬೆಳಿಗ್ಗೆ ಮೈದಾನಕ್ಕೆ ಜೊತೆಗೆ ಬರುತ್ತಾರೆ. ಮೂರು ಸುತ್ತು ನಡೆಯುತ್ತಾರೆ. ಓಡುವ ಮಾತನ್ನು ಅವರು ಇನ್ನೂ ಎತ್ತಿಲ್ಲ.