ಮಡಿಲು ಸುರಕ್ಷಿತ ಆಸನವಲ್ಲ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಕುಟುಂಬಗಳಿಗೆ ವಿದೇಶ ಪ್ರಯಾಣ ಈಗ ಅಪರೂಪದ ಸಂಗತಿಯಲ್ಲ. 2006ರಲ್ಲಿ ಬಜಪೆಯಿಂದ ದುಬೈಗೆ ನೇರ ವಿಮಾನ ಆರಂಭವಾದ ಮೇಲಂತೂ ಎಳೆಯ ಮಕ್ಕಳನ್ನು ಕಟ್ಟಿಕೊಂಡು ಹೋಗಿಬರುವವರ ಸಂಖ್ಯೆ ಹೆಚ್ಚಿದೆ. ಟಿಕೆಟ್ಟು, ವೀಸಾ, ಉಪ್ಪಿನಕಾಯಿಯ ಭರಣಿಯ ತನಕ ಎಲ್ಲಕ್ಕೂ ವಾರಗಟ್ಟಲೆ ಸಿದ್ಧತೆ ನಡೆಸುವ ನಾವು, ನಿಲ್ದಾಣದಿಂದ ಮನೆಗೆ ಹೋಗುವ ಕಾರಿನ ಬಗ್ಗೆ ಮಾತ್ರ ಕೊನೆಯ ರಾತ್ರಿ ಯೋಚಿಸುತ್ತೇವೆ. ನಾನೂ ಇದಕ್ಕೆ ಹೊರತಾಗಿರಲಿಲ್ಲ.

ಕೆಲವು ವರ್ಷಗಳ ಹಿಂದೆ ದುಬೈಯಲ್ಲಿರುವ ಮಗಳು ಮತ್ತು ಇಬ್ಬರು ಮೊಮ್ಮಕ್ಕಳೊಂದಿಗೆ ನಸುಕಿನಲ್ಲಿ ಬಜಪೆಗೆ ಬಂದಿಳಿದೆ. ವಿಮಾನದಲ್ಲಿ ಹದಿನಾಲ್ಕು ತಿಂಗಳ ಕಿರಿಯವನಿಗೆಂದೇ ಪ್ರತ್ಯೇಕ ಪಟ್ಟಿ ಕೊಟ್ಟು ತಾಯಿಯ ಪಟ್ಟಿಗೆ ಜೋಡಿಸಿದ್ದರು. ಕಾರಿನಲ್ಲಿ ಅವನು ಬರಿಯ ಮಡಿಲಲ್ಲಿ ಮಲಗಿದ್ದ. ಕೋಟ ದಾಟಿ ತೆಕ್ಕಟ್ಟೆ ಸಮೀಪಿಸುತ್ತಿದ್ದಾಗ ವಿರುದ್ಧ ದಿಕ್ಕಿನಿಂದ ದ್ವಿಚಕ್ರ ವಾಹನವೊಂದು ಎದುರಾಯಿತು. ಚಾಲಕ ಬ್ರೇಕ್ ಒತ್ತಿ ಆ ಸವಾರನ ಪ್ರಾಣ ಉಳಿಸಿದ. ಮಗುವಿನ ಹಣೆ ಮುಂದಿನ ಆಸನಕ್ಕೆ ಬಡಿಯಿತು. ಕುಂದಾಪುರದಲ್ಲಿ ಮೂರು ಹೊಲಿಗೆ ಹಾಕಿಸಿಕೊಂಡು ಮನೆ ಸೇರಿದೆವು.

"ಅಪ್ಪಯ್ಯ, ಅಲ್ಲಿ ಸೀಟಿಲ್ದೆ ಮಗಿನ್ನ ಕಾರಿಗೆ ಹತ್ಸುದಿಲ್ಲೆ. ಇಲ್ಲಿ ಇಳ್ದ್ ಕೂಡ್ಲೆ ನಂಗೆ ಎಂತಕ್ ಮರ್ತ್ ಹೋಯ್ತ್?" ಎಂದು ಮಗಳು ಅಳುತ್ತಾ ಕೇಳಿದಳು. ಮೂವತ್ತು ವರ್ಷ ಕಡತಗಳಲ್ಲಿ ಬಿಟ್ಟುಹೋದ ಸಹಿಯನ್ನು ಹುಡುಕಿ ತೆಗೆದ ನನ್ನಲ್ಲಿ ಉತ್ತರವಿರಲಿಲ್ಲ. ಆ ಕಾರನ್ನು ಗೊತ್ತು ಮಾಡಿದವನು ನಾನೇ. ಬಾಡಿಗೆ ಎಷ್ಟೆಂದು ಎರಡು ಬಾರಿ ಕೇಳಿದ್ದೆ. ಮಕ್ಕಳ ಆಸನವಿದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮಡಿಲಿನಷ್ಟು ಭದ್ರವಾದ ಜಾಗ ಮತ್ತೊಂದಿಲ್ಲ ಎಂಬ ನಮ್ಮ ನಂಬಿಕೆ ಮನೆಯ ಜಗಲಿಯಲ್ಲಿ ಸತ್ಯ, ಹೆದ್ದಾರಿಯಲ್ಲಿ ಅಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಢಿಕ್ಕಿಯಾಗಿ ನಿಂತರೆ, ಕಟ್ಟಿಲ್ಲದ ಮಗುವಿನ ಪಾಲಿಗೆ ಅದು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದುದಕ್ಕೆ ಸಮ. ಯಾವ ತಾಯಿಯ ತೋಳೂ ಆ ವೇಗವನ್ನು ತಡೆಯಲಾರದು. ಬಜಪೆಯಿಂದ ಕುಂದಾಪುರಕ್ಕೆ ಎರಡು ಗಂಟೆಗೂ ಮೀರಿದ ಹಾದಿ. ಬೈಂದೂರು ಇನ್ನೂ ದೂರ.

ಕಾನೂನಿಲ್ಲವೆಂದಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮು, ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಪಟ್ಟಿ ಅಥವಾ ಮಕ್ಕಳ ಆಸನದಿಂದ ಭದ್ರಪಡಿಸದಿದ್ದರೆ ಸಾವಿರ ರೂಪಾಯಿ ದಂಡ ವಿಧಿಸುತ್ತದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2017ರ ಜುಲೈಯಿಂದ ನಾಲ್ಕು ವರ್ಷದೊಳಗಿನವರಿಗೆ ಪ್ರತ್ಯೇಕ ಆಸನ ಕಡ್ಡಾಯ. ಆದರೆ ವಿದೇಶವೆಂದ ಮಾತ್ರಕ್ಕೆ ಎಲ್ಲವೂ ತಾನಾಗಿ ಒದಗುತ್ತದೆಂದು ಭಾವಿಸಬೇಕಿಲ್ಲ. ಬ್ರಿಟನ್ನಿನಲ್ಲಿ ಟ್ಯಾಕ್ಸಿಯವರ ಬಳಿ ಆಸನವಿಲ್ಲದಿದ್ದರೆ ಮಕ್ಕಳನ್ನು ಹಿಂಬದಿಯಲ್ಲಿ ಹಾಗೆಯೇ ಕರೆದೊಯ್ಯಲು ವಿನಾಯಿತಿಯಿದೆ. ಸಿಂಗಪುರದಲ್ಲೂ ಟ್ಯಾಕ್ಸಿಗಳಿಗೆ ರಿಯಾಯಿತಿಯುಂಟು. ಕಾನೂನು ವಿನಾಯಿತಿ ಕೊಡಬಹುದು, ಅಪಘಾತ ಕೊಡುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇಲ್ಲಿ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಹಳೆಯ ಕಾರುಗಳ ಕುರಿತ ಪ್ರಬಂಧ ನೆನಪಾಗುತ್ತದೆ. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದಾಗ ಮಾರುಕಟ್ಟೆ ಕೆಡುತ್ತದೆ ಎಂಬುದು ಅದರ ಸಾರ. ಅಪರಿಚಿತ ನಗರದಲ್ಲಿ, ಅರ್ಧರಾತ್ರಿಯಲ್ಲಿ, ಅಳುವ ಮಗುವನ್ನು ಹೆಗಲಿಗೇರಿಸಿಕೊಂಡು ಹೊರಬರುವವನಿಗೆ ಚೌಕಾಸಿಯ ಶಕ್ತಿಯೂ ಇಲ್ಲ, ಮಾಹಿತಿಯೂ ಇಲ್ಲ. ಅವೆರಡೂ ಇರುವುದು ಮನೆಯಲ್ಲಿ ಕುಳಿತು ಮುಂಗಡ ಕಾಯ್ದಿರಿಸುವಾಗ ಮಾತ್ರ.

ಆಗ ಮಕ್ಕಳ ವಯಸ್ಸು, ತೂಕ, ಎತ್ತರವನ್ನು ತಿಳಿಸಿ, ತಕ್ಕ ಆಸನವುಂಟೇ ಎಂಬುದಕ್ಕೆ ಲಿಖಿತ ಉತ್ತರ ಪಡೆಯಬೇಕು. ವಿಮಾನ ತಡವಾದರೆ ಚಾಲಕನಿಗೆ ತಿಳಿಯುವಂತೆ ವಿಮಾನದ ಸಂಖ್ಯೆ ಕೊಡಬೇಕು. ಕಾಯುವ ಶುಲ್ಕ ಎಷ್ಟೆಂದೂ, ಯಾವ ಬಾಗಿಲಲ್ಲಿ ಭೇಟಿ ಎಂದೂ ಕೇಳಬೇಕು. ಪೆಟ್ಟಿಗೆಗಳ ಜೊತೆ ಮಗುವಿನ ತಳ್ಳುಗಾಡಿಯನ್ನೂ ಲೆಕ್ಕ ಹಿಡಿದು ವಾಹನ ಆರಿಸಬೇಕು. ಸಂದೇಹವಿದ್ದರೆ ಸ್ವಂತ ಆಸನವನ್ನೇ ಒಯ್ಯುವುದು ಲೇಸು. ಅನೇಕ ವಿಮಾನಸಂಸ್ಥೆಗಳು ಅದಕ್ಕೆ ಪ್ರತ್ಯೇಕ ಶುಲ್ಕ ಕೇಳುವುದಿಲ್ಲ. ಹಿಮ್ಮುಖವಾಗಿ ಜೋಡಿಸುವ ಶಿಶು ಆಸನವನ್ನು ಗಾಳಿಚೀಲವಿರುವ ಮುಂಬದಿಯಲ್ಲಿ ಎಂದೂ ಇಡಬಾರದು.

ನಮ್ಮೂರಿನ ಟ್ಯಾಕ್ಸಿ ಮಾಲೀಕರೂ ಯೋಚಿಸಬೇಕು. ಪ್ರತಿ ಕಾರಿಗೂ ಆಸನ ಕೊಳ್ಳುವುದು ದುಬಾರಿ, ನಿಜ. ಆದರೆ ಒಂದು ನಿಲ್ದಾಣದವರೆಲ್ಲ ಸೇರಿ ಎರಡು ಮೂರು ಆಸನ ಇಟ್ಟುಕೊಂಡು, ಕೇಳಿದವರಿಗೆ ಅಲ್ಪ ಬಾಡಿಗೆಗೆ ಒದಗಿಸುವುದು ಅಸಾಧ್ಯವೇನಲ್ಲ. ಬೇಡಿಕೆ ಬಂದರೆ ಪೂರೈಕೆ ಹುಟ್ಟುತ್ತದೆ. ಬೇಡಿಕೆ ಹುಟ್ಟಬೇಕಾದದ್ದು ನಮ್ಮಿಂದ.

ಕಳೆದ ರಜೆಯಲ್ಲಿ ಮಕ್ಕಳು ಬಂದಾಗ ಎರಡು ಆಸನಗಳನ್ನು ಕಾರಿನಲ್ಲಿರಿಸಿಕೊಂಡು ನಾನೇ ಬಜಪೆಗೆ ಹೋದೆ. "ಇಷ್ಟಕ್ಕೆಲ್ಲ ಎಂತಕ್? ಎಂತದೂ ಆತಿಲ್ಲೆ" ಎಂದು ಚಾಲಕ ನಕ್ಕ. ನಾನು ಮೊಮ್ಮಗನ ಹಣೆಯ ಸಣ್ಣ ಗೆರೆಯನ್ನು ತೋರಿಸಿದೆ. ಆತ ಮರುಮಾತನಾಡದೆ ಪಟ್ಟಿ ಬಿಗಿಯಲು ಕೈಜೋಡಿಸಿದ.