ಹೊಸೂರಿನ ಚಳಿಗೆ ಡ್ರೈಯರ್ ಬೇಕೆ?

ಪ್ರಶ್ನೆ: ಹೊಸೂರಿನಲ್ಲಿ ನಮ್ಮದು ಫ್ಲ್ಯಾಟ್. ತಮಿಳಿನ ಐಪ್ಪಸಿ, ಕಾರ್ತಿಕ ತಿಂಗಳ ಮಳೆಯಲ್ಲಿ ಮೂರು ದಿನವಾದರೂ ಬಟ್ಟೆ ಒಣಗದು. ಯಾವ ಡ್ರೈಯರ್ ಕೊಳ್ಳಲಿ?

ಉತ್ತರ: ಸುಮಾರು 900 ಮೀಟರ್ ಎತ್ತರದ ಊರು ನಿಮ್ಮದು, ಹಿಂಗಾರಿನಲ್ಲಿ ಗಾಳಿಯೇ ತೇವ. ಕೃಷ್ಣಗಿರಿಯ ಬಿಸಿಲಿಗೆ ಈ ಕಷ್ಟ ಕಡಿಮೆ.

ಒಂದು ಲೀಟರ್ ನೀರನ್ನು ಆವಿ ಮಾಡಲು ಮುಕ್ಕಾಲು ಯೂನಿಟ್‌ಗೆ ಹತ್ತಿರದ ಶಕ್ತಿ ಬೇಕು. ಹಿಂಡಿದ ಬಟ್ಟೆಯಲ್ಲಿ 4 ಲೀಟರ್ ಉಳಿದಿದ್ದರೆ ಸಾಮಾನ್ಯ ಡ್ರೈಯರ್ ಎರಡೂವರೆ ಯೂನಿಟ್‌ಗೂ ಹೆಚ್ಚು ನುಂಗುತ್ತದೆ. ಆದ್ದರಿಂದ ಮೊದಲು ವಾಷಿಂಗ್ ಮೆಷಿನ್‌ನ ಸ್ಪಿನ್ ಹೆಚ್ಚಿಸಿ. ಅದು ಅಗ್ಗದ ಒಣಗಿಸುವಿಕೆ.

ವೆಂಟೆಡ್ ಡ್ರೈಯರ್ ಅಗ್ಗ, ಆದರೆ ಹಬೆ ಹೊರಹೋಗಲು ಗೋಡೆಯಲ್ಲಿ ಕೊಳವೆ ಬೇಕು. ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿಯಾರೆ? ಕಂಡೆನ್ಸರ್‌ಗೆ ಕೊಳವೆ ಬೇಡ. ನೀರು ತೊಟ್ಟಿಯಲ್ಲಿ ನಿಲ್ಲುತ್ತದೆ. ಹೀಟ್ ಪಂಪ್ ಅದೇ ಶಾಖವನ್ನು ಮತ್ತೆ ಬಳಸುವುದರಿಂದ ಕರೆಂಟು ಹೆಚ್ಚುಕಡಿಮೆ ಅರ್ಧ. ಬೆಲೆ ಮಾತ್ರ ದುಬಾರಿ, ಹೊತ್ತೂ ಹೆಚ್ಚು. ವರ್ಷವಿಡೀ ಬಳಸುವ, ಮಗುವಿರುವ ಮನೆಗೆ ನಾನು ಇದನ್ನೇ ಹೇಳುವೆ. ಎರಡು ತಿಂಗಳ ಮಳೆಗಾದರೆ ಫ್ಯಾನಿನ ಕೆಳಗೊಂದು ಸ್ಟ್ಯಾಂಡ್ ಸಾಕು.

ಪ್ರತಿ ಸಲವೂ ನೂಲಿನ ಧೂಳಿನ ಜಾಲರಿ ತೆಗೆದು ಒರೆಸಿ. ಕಟ್ಟಿಕೊಂಡರೆ ಬೆಂಕಿಯ ಭಯ. ರೇಷ್ಮೆ ಸೀರೆಯನ್ನಂತೂ ಒಳಗೆ ಹಾಕಲೇಬೇಡಿ.