ಸಮಾಲೋಚಕರ ಅರ್ಹತೆ ನೋಡುವವರು ಯಾರು?

ವಿಜಯವಾಡದ ಆಟೋನಗರ್‌ನಲ್ಲಾಗಲಿ, ವಿಶಾಖಪಟ್ಟಣದಲ್ಲಿ ಗಾಜುವಾಕದ ಪಕ್ಕದ ಆಟೋನಗರ್‌ನಲ್ಲಾಗಲಿ, ರಿಪೇರಿ ಮುಗಿಸಿಕೊಂಡು ಹೊರಬರುವ ಲಾರಿಯ ಸ್ಟೇರಿಂಗ್ ಹಿಡಿಯುವವನ ಜೇಬಿನಲ್ಲಿ ಹೆವಿ ವಾಹನದ ಲೈಸೆನ್ಸ್ ಇರಲೇಬೇಕು. ಅದೇ ರಸ್ತೆಯಲ್ಲಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು, ‘ಸೈಕಾಲಜಿಸ್ಟ್’ ಎಂದು ಬೋರ್ಡ್ ತೂಗುಹಾಕಿ, ಹಾಸ್ಟೆಲಿನ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಸಲಹೆ ಕೊಡಲು ಹೊರಟವರನ್ನು ಲೈಸೆನ್ಸ್ ಎಲ್ಲಿ ಎಂದು ಕೇಳುವವರಿಲ್ಲ. ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಗಳಲ್ಲೂ ಇದೇ ಸ್ಥಿತಿ. ಮನಸ್ಸು ಕೆಟ್ಟು ಕಂಗಾಲಾದವರ ಎದುರು ಕೂರುವವರಿಗೆ ಎಷ್ಟು ಓದು, ಯಾರ ಕೈಕೆಳಗೆ ಎಷ್ಟು ತರಬೇತಿ ಆಗಿರಬೇಕು ಎಂಬುದನ್ನು ಪದವಿ ಪತ್ರಗಳಿಗೆ ಬಿಟ್ಟುಬಿಟ್ಟಿದ್ದೇವೆ. ಇದು ಈ ಹೊತ್ತಿನಲ್ಲಿ ತೀರ ಅಪಾಯಕಾರಿ ಎಂಬುದು ನನ್ನ ವಾದ. ಏಕೆಂದರೆ ಇಂಥವರು ಲಕ್ಷಾಂತರ ಶಾಲೆ, ಕಾಲೇಜುಗಳಿಗೆ ಏಕಕಾಲಕ್ಕೆ ಬೇಕಾಗಿದ್ದಾರೆ.

ಬೇಕಾಗುವಂತೆ ಮಾಡಿದ್ದು ವಿಶಾಖಪಟ್ಟಣದ್ದೇ ಒಂದು ಪ್ರಕರಣ. 2023ರ ಜುಲೈನಲ್ಲಿ ಆ ಊರಿನಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ, ಪಶ್ಚಿಮ ಬಂಗಾಳದ 17 ವರ್ಷದ ಹುಡುಗಿಯೊಬ್ಬಳು ಮೃತಪಟ್ಟಳು. ತಂದೆ ನ್ಯಾಯಕ್ಕಾಗಿ ಅಲೆದರು. 2025ರ ಜುಲೈ 25ರಂದು ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಸುಪ್ರೀಂ ಕೋರ್ಟ್ ಪೀಠ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಅಷ್ಟಕ್ಕೇ ನಿಲ್ಲದೆ ಮಾನಸಿಕ ಆರೋಗ್ಯವೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಇಡೀ ದೇಶಕ್ಕೆ ಅನ್ವಯಿಸುವ 15 ಮಾರ್ಗಸೂಚಿಗಳನ್ನು ಕೊಟ್ಟಿತು. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂಬ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕ ಪೀಠದ ಮುಂದಿತ್ತು. 100 ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯೂ ಮಕ್ಕಳ ಹಾಗೂ ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಾದ ಒಬ್ಬ ಅರ್ಹ ಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕು ಎಂಬುದು ಅವುಗಳಲ್ಲೊಂದು. ಆದೇಶ ಸ್ವಾಗತಾರ್ಹ. ಆದರೆ ನೇಮಕ ಮಾಡಿಕೊಳ್ಳಬೇಕಾದ ಪ್ರಾಂಶುಪಾಲರ ಬಳಿ ಅರ್ಹತೆಯನ್ನು ಪರಿಶೀಲಿಸಲು ಯಾವ ಪಟ್ಟಿ ಇದೆ?

ಒಂದು ಪಟ್ಟಿಯೇನೋ ಇದೆ, ಅದು ತೀರ ಚಿಕ್ಕದು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂಬ ವರ್ಗವನ್ನು ತನ್ನ ಅಡಿಗೆ ತಂದುಕೊಂಡಿತು. ಬಿ.ಎ. ಅಥವಾ ಬಿ.ಎಸ್ಸಿ. ಮೂರು ವರ್ಷ, ಎಂ.ಎ. ಅಥವಾ ಎಂ.ಎಸ್ಸಿ. ಎರಡು ವರ್ಷ, ಅದರ ಮೇಲೆ ಪರಿಷತ್ತಿನ ಮಾನ್ಯತೆಯಿರುವ ಸಂಸ್ಥೆಯಲ್ಲಿ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್, ಇದು ಇಷ್ಟು ಕಾಲ ನಡೆದುಬಂದ ರಾಜಮಾರ್ಗ. ಮುಗಿಸಿದವರ ಹೆಸರು ಕೇಂದ್ರ ನೋಂದಣಿ ಪುಸ್ತಕಕ್ಕೆ ಸೇರುತ್ತದೆ. ನೋಂದಣಿಯಿಲ್ಲದೆ ಈ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡದ ಮೊತ್ತ ನೋಡಿದರೇ ಕಾಯ್ದೆಯ ಬಿಸಿ ಎಷ್ಟೆಂದು ತಿಳಿಯುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇದೇ ವ್ಯಾಖ್ಯಾನವನ್ನು ಅನುಸರಿಸಿತು. ಇವೆಲ್ಲ ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಮಾತ್ರ. ‘ಕೌನ್ಸೆಲರ್’, ‘ಥೆರಪಿಸ್ಟ್’, ಬರಿಯ ‘ಸೈಕಾಲಜಿಸ್ಟ್’ ಎಂದು ಬರೆದುಕೊಂಡವರು ಆ ಕಾಯ್ದೆಗಳ ಬೇಲಿಯಾಚೆ ಉಳಿದರು. ಅವರನ್ನೂ ಒಳಗೆ ತರುವಂತೆ 2021ರಲ್ಲಿ ಸಂಸತ್ತು ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರ ಆಧಾರದ ಮೇಲೆ ಯುಜಿಸಿ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಪದ್ಧತಿಯಲ್ಲಿ ಕಲಿಸುವುದನ್ನು ನಿಲ್ಲಿಸಿತು. ಸರಿಯಾದ ಹೆಜ್ಜೆ. ಆದರೆ ದಶಕಗಳಿಂದ ಅಂಚೆಯಲ್ಲಿ ಬಂದ ಪಾಠ ಓದಿ ಪದವಿ ಪಡೆದವರು ಈಗಾಗಲೇ ಸಮಾಲೋಚನೆಯ ಕುರ್ಚಿಗಳಲ್ಲಿ ಕೂತಿದ್ದಾರೆ.

ಕುರ್ಚಿಯಲ್ಲಿ ಕೂರುವುದಕ್ಕೆ ಮೊದಲು ಎಂ.ಫಿಲ್‌ನ ಆ ಎರಡು ವರ್ಷಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ನನ್ನ ಹಟದ ಕಾರಣ ತಿಳಿಯುತ್ತದೆ. ಪಿಯುಸಿ ಹುಡುಗನೊಬ್ಬ ಹೊರರೋಗಿ ವಿಭಾಗಕ್ಕೆ ಬಂದು ‘ತಲೆನೋವು, ಓದಿದ್ದು ತಲೆಗೆ ಹತ್ತುತ್ತಿಲ್ಲ’ ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ತರಬೇತಿಯಿಲ್ಲದವರು ಧೈರ್ಯ ಹೇಳಿ, ಟೈಮ್‌ಟೇಬಲ್ ಬರೆದುಕೊಟ್ಟು ಕಳಿಸುತ್ತಾರೆ. ತರಬೇತಿಯಲ್ಲಿರುವವರು ನಿದ್ದೆ ಎಷ್ಟು ಹೊತ್ತಿಗೆ ಬರುತ್ತದೆ, ಯಾವಾಗ ಎಚ್ಚರವಾಗುತ್ತದೆ, ಊಟ ಸೇರುತ್ತದೆಯೇ, ಮೊದಲು ಇಷ್ಟಪಡುತ್ತಿದ್ದ ಆಟ ಈಗ ಬೇಕೆನಿಸುತ್ತದೆಯೇ, ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು ಒಂದೊಂದಾಗಿ ಕೇಳಬೇಕು. ಸಾಯಬೇಕು ಅನಿಸಿದೆಯೇ, ಹೇಗೆಂದು ಯೋಚಿಸಿದ್ದೀಯಾ ಎಂಬುದನ್ನೂ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಆ ಯೋಚನೆ ನಾವೇ ಹುಟ್ಟಿಸಿದಂತಾಗುತ್ತದೆ ಎಂಬ ಭಯ ಹೊಸಬರಲ್ಲಿ ಸಹಜ. ಅದು ತಪ್ಪು ತಿಳಿವಳಿಕೆ ಎಂದು ತೋರಿಸಿಕೊಟ್ಟು ಆ ಭಯ ಬಿಡಿಸುವುದೇ ತರಬೇತಿ. ಬರೆದ ಫೈಲನ್ನು ಅನುಭವಿ ಮೇಲ್ವಿಚಾರಕರು ಸಾಲುಸಾಲಾಗಿ ಓದುತ್ತಾರೆ. ಇದನ್ನೇಕೆ ಕೇಳಲಿಲ್ಲ, ಈ ಹುಡುಗನನ್ನು ಇವತ್ತೇ ಮನೋವೈದ್ಯರ ಬಳಿ ಏಕೆ ಕಳಿಸಲಿಲ್ಲ ಎಂದು ಹಿಡಿದು ಕೇಳುತ್ತಾರೆ. ಹೀಗೆ ತಿದ್ದಿಸಿಕೊಂಡು ಬಂದದ್ದನ್ನು ಪುಸ್ತಕದಿಂದ ಪಡೆಯಲಾಗದು. ಲೈಸೆನ್ಸ್ ಎಂದು ನಾನು ಕೇಳುತ್ತಿರುವುದು ಈ ತಿದ್ದುಪಡಿ ಆಗಿದೆ ಎಂಬುದಕ್ಕೆ ಸಾರ್ವಜನಿಕ ಸಾಕ್ಷಿಯನ್ನು.

ಕನ್ನಡ ನಾಡಿಗೆ ಇಂಥ ತರಬೇತಿ ಕೊಡುವ ಹೊಣೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಮರುವರ್ಷವೇ ಅಲ್ಲಿ ವೈದ್ಯಕೀಯ ಮನಶ್ಶಾಸ್ತ್ರದ ಡಿಪ್ಲೊಮಾ ಆರಂಭವಾಗಿ, ಮುಂದೆ ಅದೇ ಎಂ.ಫಿಲ್ ಆಯಿತು. ಆ ಸಂಸ್ಥೆಯೇ ಇಂದಿನ ನಿಮ್ಹಾನ್ಸ್. ಆದರೆ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮಣಿಪಾಲದಂಥ ಕೆಲವೇ ಕಡೆ ಬೆರಳೆಣಿಕೆಯ ಸೀಟುಗಳು. ಸಾಲದ್ದಕ್ಕೆ ಯುಜಿಸಿ 2022ರಲ್ಲಿ ಎಂ.ಫಿಲ್ ಪದವಿಯನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಶಾಖೆಗೆ 2025-26ರವರೆಗೆ ಮಾತ್ರ ಅವಧಿ ವಿಸ್ತರಿಸಿತು. ಮುಂದಿನ ಪದವಿ ಯಾವುದೇ ಆಗಲಿ, ಆಸ್ಪತ್ರೆಯಲ್ಲಿ ಮೇಲ್ವಿಚಾರಣೆಯಡಿ ಕಳೆಯುವ ಸಮಯ ಒಂದು ದಿನವೂ ಕಡಿಮೆಯಾಗಕೂಡದು.

ಲೈಸೆನ್ಸ್ ಬೇಕೆಂಬ ಮಾತಿಗೆ ಬರುವ ದೊಡ್ಡ ಆಕ್ಷೇಪ ನ್ಯಾಯವಾದದ್ದೇ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಮಾನಸಿಕ ತೊಂದರೆಯಿದೆ. ಕಾಯಿಲೆಗಳಿಗೆ ತಕ್ಕಂತೆ ಶೇಕಡಾ 70ರಿಂದ 92 ರೋಗಿಗಳಿಗೆ ಚಿಕಿತ್ಸೆ ಸಿಗುತ್ತಿಲ್ಲ. ಇಂಥ ಬರದಲ್ಲಿ ಬಾಗಿಲು ಬಿಗಿಮಾಡಿದರೆ ಇದ್ದವರೂ ಕೈತಪ್ಪುವುದಿಲ್ಲವೇ? 1985ರಲ್ಲಿ ಆರಂಭವಾದ ಬಳ್ಳಾರಿ ಪ್ರಯೋಗವನ್ನು ಈ ವಾದದ ಪರ ಎತ್ತಿ ತೋರಿಸುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರೇ ಅಲ್ಲಿ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಟ್ಟರು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೂ (ಲ್ಯಾನ್ಸೆಟ್, 2017) ಮನಶ್ಶಾಸ್ತ್ರದ ಪದವಿಯಿಲ್ಲದ ಸಮಾಲೋಚಕರು ತೀವ್ರ ಖಿನ್ನತೆಯನ್ನು ತಗ್ಗಿಸಬಲ್ಲರು ಎಂದು ತೋರಿಸಿತು. ಈ ಎರಡನ್ನೂ ನಾನು ಮನಸಾರೆ ಒಪ್ಪುತ್ತೇನೆ. ಆದರೆ ಬಳ್ಳಾರಿಯ ಕಾರ್ಯಕರ್ತರ ಬೆನ್ನಿಗೆ ನಿಮ್ಹಾನ್ಸ್ ಇತ್ತು. ಗೋವಾದಲ್ಲಿ ಸಮಾಲೋಚನೆಯನ್ನು ಧ್ವನಿಮುದ್ರಿಸಿಕೊಂಡು, ಗುಂಪಾಗಿ ಕೂತು ಕೇಳಿ, ಅಂಕ ಹಾಕಿ ತಿದ್ದುತ್ತಿದ್ದರು. ಪದವಿಯಿಲ್ಲದವರು ಗೆದ್ದದ್ದು ಮೇಲ್ವಿಚಾರಣೆಯ ಬಲದಿಂದ. ಅಂಥ ಮೇಲ್ವಿಚಾರಕರು ಎಲ್ಲಿಂದ ಬರಬೇಕು? ತಳದಲ್ಲಿ ಎಷ್ಟು ಹೆಚ್ಚು ಕಾರ್ಯಕರ್ತರನ್ನು ನಿಲ್ಲಿಸುತ್ತೇವೋ ಮೇಲಿನ ಹಂತದ ಅರ್ಹತೆ ಅಷ್ಟು ಗಟ್ಟಿಯಾಗಿರಬೇಕಾಗುತ್ತದೆ.

ಲೈಸೆನ್ಸ್ ಎಂದರೆ ಇನ್ನೊಂದು ಕಚೇರಿ, ಇನ್ನೊಂದು ಶುಲ್ಕ, ಹಳ್ಳಿಯಿಂದ ಬಂದ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಎಂಬ ಅಂಜಿಕೆಯೂ ಸುಳ್ಳಲ್ಲ. ಆದರೆ ಬ್ರಿಟನ್ನಿನಲ್ಲಿ 2009ರಿಂದ, ಆಸ್ಟ್ರೇಲಿಯಾದಲ್ಲಿ 2010ರಿಂದ ಮನಶ್ಶಾಸ್ತ್ರಜ್ಞರ ರಾಷ್ಟ್ರಮಟ್ಟದ ನೋಂದಣಿ ನಡೆಯುತ್ತಿದೆ. ಯಾರು ಬೇಕಾದರೂ ಅಂತರ್ಜಾಲದಲ್ಲಿ ಹೆಸರು ಹುಡುಕಿ ನೋಡಬಹುದು. ಆ ಪಾರದರ್ಶಕತೆಯನ್ನು ತೆಗೆದುಕೊಳ್ಳೋಣ, ಅಲ್ಲಿನ ದುಬಾರಿ ಓದು ಬೇಡ ಎನ್ನೋಣ. ರೋಗಿ ಕನ್ನಡದಲ್ಲೋ ತೆಲುಗಿನಲ್ಲೋ ತನ್ನ ಸಂಕಟ ತೋಡಿಕೊಳ್ಳುವಾಗ ತರಬೇತಿಯ ಮೌಖಿಕ ಪರೀಕ್ಷೆಯೂ ಆ ಭಾಷೆಯಲ್ಲೇ ನಡೆಯಲಿ. ವಿಶಾಖಪಟ್ಟಣದ ಸರ್ಕಾರಿ ಮಾನಸಿಕ ಆಸ್ಪತ್ರೆ, ನಮ್ಮ ಜಿಲ್ಲಾಸ್ಪತ್ರೆಗಳ ಮನೋವೈದ್ಯ ವಿಭಾಗಗಳು ಸ್ಟೈಪೆಂಡ್ ಕೊಟ್ಟು ತರಬೇತಿ ಸೀಟು ತೆರೆಯಲಿ. ಈಗಾಗಲೇ ಕೆಲಸದಲ್ಲಿರುವವರನ್ನು ಹೊರಗೆ ಹಾಕುವ ಅಗತ್ಯವಿಲ್ಲ. ಗಡುವು ಕೊಟ್ಟು, ನಿಗದಿತ ಗಂಟೆಗಳ ಮೇಲ್ವಿಚಾರಣೆ ಮುಗಿಸಿ ನೋಂದಾಯಿಸಿಕೊಳ್ಳಲು ದಾರಿ ಮಾಡಿಕೊಟ್ಟರೆ ಸಾಕು. ಅಲ್ಲಿಯವರೆಗೆ ಮಗನನ್ನೋ ಮಗಳನ್ನೋ ಹಾಸ್ಟೆಲಿಗೆ ಸೇರಿಸುವ ತಂದೆತಾಯಿ ಪ್ರಾಂಶುಪಾಲರನ್ನು ಕೇಳಬೇಕಾದ ಪ್ರಶ್ನೆಗಳಿವೆ: ನಿಮ್ಮ ಸಮಾಲೋಚಕರು ಎಲ್ಲಿ, ಯಾರ ಕೈಕೆಳಗೆ ತರಬೇತಾದರು? ನೋಂದಣಿ ಸಂಖ್ಯೆ ಇದೆಯೇ? ಮಗುವಿನ ಸ್ಥಿತಿ ಅವರ ಕೈಮೀರಿದರೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ? ಜೊತೆಗೆ ಟೆಲಿಮಾನಸ್ ಸಹಾಯವಾಣಿಯ 14416 ಸಂಖ್ಯೆ ಹಾಸ್ಟೆಲಿನ ಗೋಡೆಯ ಮೇಲಿದೆಯೇ ಎಂದೂ ನೋಡಬೇಕು. ಅದನ್ನು ಎದ್ದುಕಾಣುವಂತೆ ಹಾಕಬೇಕೆಂಬುದೂ ಸುಪ್ರೀಂ ಕೋರ್ಟಿನ ಆದೇಶದಲ್ಲಿಯೇ ಇದೆ.